ಬೆಂಕಿಕಡ್ಡಿಗೇ ಹತ್ತದ ಡೀಸೆಲ್, ಪ್ಲಗ್ ಇಲ್ದೆ ಇಂಜಿನ್ ಒಳಗೆ ಹೇಗೆ ಹತ್ತುತ್ತೆ?

ಅಡಿಕೆತೋಟ_ಸೊರಬ:

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ತಲೇಲಿ ಕೊರೀತಿರೋ ಒಂದು ಡೌಟು, ಇಲ್ಲಿ ಗೊತ್ತಿರೋರು ಇದ್ದೀರ ಅಂತ ಕೇಳ್ತಿದೀನಿ. ಹೋದ ವಾರ ಬೇಲಿ ಸವರಿದ ಸೊಪ್ಪು ಮುಳ್ಳು ಎಲ್ಲ ಗುಡ್ಡೆ ಹಾಕಿ ಸುಡೋಣ ಅಂತ ಮೇಲೆ ಸ್ವಲ್ಪ ಡೀಸೆಲ್ ಹೊಯ್ದೆ, ಕಡ್ಡಿ ಗೀರಿ ಹಾಕಿದ್ರೆ ಹತ್ತಲೇ ಇಲ್ಲ. ಡಬ್ಬದ ಮುಚ್ಚಳದಲ್ಲಿ ಉಳಿದಿದ್ದ ಡೀಸೆಲ್‌ಗೆ ಒಂದು ಕಡ್ಡಿ ಬಿತ್ತು, ಚುಂಯ್ ಅಂತ ನಂದೇ ಹೋಯ್ತು. ಕೊನೆಗೆ ಒಣ ಅಡಿಕೆ ಹಾಳೆ ಚೂರು ಕೆಳಗಿಟ್ಟು ಹತ್ತಿಸ್ದೆ. ಪೆಟ್ರೋಲ್ ಆಗಿದ್ರೆ ಕಡ್ಡಿ ಹತ್ರ ಹೋಗೋಕ್ಮುಂಚೇನೇ ಭಗ್ ಅಂತಿತ್ತು, ಅದಕ್ಕೇ ಅಪ್ಪಯ್ಯ ಸುಡೋ ಕೆಲಸಕ್ಕೆ ಪೆಟ್ರೋಲ್ ಮುಟ್ಟೋಕೂ ಬಿಡಲ್ಲ.

ಈಗ ನನ್ನ ಪ್ರಶ್ನೆ. ಬೈಕಲ್ಲಿ ಅಷ್ಟು ಬೇಗ ಹತ್ತೋ ಪೆಟ್ರೋಲ್‌ಗೆ ಕಿಡಿ ಕೊಡೋ ಸ್ಪಾರ್ಕ್ ಪ್ಲಗ್ ಬೇಕು, ಪ್ಲಗ್‌ಗೆ ಕರೆಂಟ್ ಬರ್ಲಿಲ್ಲ ಅಂದ್ರೆ ಎಷ್ಟು ಕಿಕ್ ಹೊಡೆದ್ರೂ ಗಾಡಿ ಸತ್ತ ಹಾಗೆ. ಕಡ್ಡಿಗೇ ಹತ್ತದ ಡೀಸೆಲ್ ಹಾಕೋ ಟ್ರ್ಯಾಕ್ಟರಲ್ಲಿ ನೋಡಿದ್ರೆ ಪ್ಲಗ್ಗೇ ಇಲ್ಲ. ಇದು ಉಲ್ಟಾ ಆಯ್ತಲ್ಲ? ನೆಟ್ಟಲ್ಲಿ ಹುಡುಕಿದ್ರೆ ಎಲ್ಲ ಕಡೆ 'ಪೆಟ್ರೋಲ್ ಸ್ಪಾರ್ಕ್ ಇಗ್ನಿಷನ್, ಡೀಸೆಲ್ ಕಂಪ್ರೆಷನ್ ಇಗ್ನಿಷನ್' ಅಂತ ಒಂದು ಟೇಬಲ್ ಹಾಕಿ ಮುಗಿಸಿಬಿಡ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದ್ಯೋ ಇಲ್ವೋ ಗೊತ್ತಿಲ್ಲ, ನಮ್ಮದು 2006ರ 35 ಎಚ್‌ಪಿ ಟ್ರ್ಯಾಕ್ಟರ್, ಈ ಚಳಿಗೆ ಬೆಳಗ್ಗೆ ಸ್ಟಾರ್ಟೇ ಆಗ್ತಿಲ್ಲ. ಸೆಲ್ಫ್ ಹೊಡೆದ್ರೆ ಕುರ್ರ್... ಕುರ್ರ್... ಅಂತ ನಿಧಾನ ತಿರುಗುತ್ತೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತೆ ಅಷ್ಟೆ. ರಾತ್ರಿ ಮನೆ ಪಕ್ಕದ ದಿಬ್ಬದ ಮೇಲೆ ನಿಲ್ಸಿ ಬೆಳಗ್ಗೆ ಇಳಿಜಾರಲ್ಲಿ ಬಿಟ್ಟು ಗೇರ್‌ಗೆ ಹಾಕಿದ್ರೆ ತಕ್ಷಣ ಸ್ಟಾರ್ಟ್. ಮಧ್ಯಾಹ್ನ ಏನೂ ತೊಂದ್ರೆ ಇಲ್ಲ.

ಹುಬ್ಬಳ್ಳಿ_ನಾಝಲ್:

ತಮ್ಮಾ, ನಾ 22 ವರ್ಷ ಆತು ಡೀಸೆಲ್ ಇಂಜಿನ್ನಿನ ಪಂಪ್, ನಾಝಲ್ (ಡೀಸೆಲ್ ಸಿಡಸೂ ಮೂತಿ) ಕೆಲಸಾನ ಮಾಡ್ಕೋತ ಬಂದೇನಿ. ನಮ್ಮ ಅಂಗಡಿಗೆ ಹೊಸದಾಗಿ ಬರೂ ಹುಡುಗರು ಮೊದಲ ಕೇಳೂದ ಇದನ್ನ, ಹಂಗಾಗಿ ಅವರಿಗೆ ಹೇಳಿದಂಗ ನಿನಗೂ ಹೇಳ್ತೇನಿ.

ಸೈಕಲ್‌ಗೆ ಗಾಳಿ ಹೊಡಿಯೂ ಪಂಪ್ ಐತಲ್ಲ, ಇಪ್ಪತ್ತ್ ಸಲ ಜೋರ್ ಹೊಡದು ಅದರ ಬುಡಾ ಮುಟ್ಟಿ ನೋಡು, ಬೆಚ್ಚಗ ಆಗಿರತೈತಿ. ಅಲ್ಲಿ ಬೆಂಕಿ ಯಾರೂ ಹಚ್ಚಿಲ್ಲ, ಗಾಳಿ ಒತ್ತಿದ್ದಕ್ಕ ಬಿಸಿ ಆಗೇತಿ. ಡೀಸೆಲ್ ಇಂಜಿನ್ ಅಂದ್ರ ಈ ಪಂಪಿನ ದೊಡ್ಡಣ್ಣ ಅಂತ ತಿಳ್ಕೊ. ಪಿಸ್ಟನ್ ಕೆಳಗ ಬರೂವಾಗ ಬರೇ ಗಾಳಿ ಎಳಕೋತೈತಿ, ಡೀಸೆಲ್ ಒಂದ್ ಹನಿನೂ ಒಳಗ ಇರೂದಿಲ್ಲ. ಆಮ್ಯಾಲೆ ವಾಲ್ವ್ ಮುಚ್ಚಿ ಆ ಗಾಳೀನ 18 ಪಾಲು ಇದ್ದದ್ದನ್ನ 1 ಪಾಲಿಗೆ ಒತ್ತತೈತಿ. ಅಷ್ಟರಾಗ ಗಾಳಿ ಎಷ್ಟ್ ಕಾದಿರತೈತಿ ಅಂದ್ರ ಸೀಸದ ಲೋಹ ಕರಗೂದಕ್ಕಿಂತ ಹೆಚ್ಚು. ಪಿಸ್ಟನ್ ಮ್ಯಾಲೆ ಮುಟ್ಟೂದಕ್ಕ ಇನ್ನ ಸ್ವಲ್ಪ ಇರತೈತಿ ಅನ್ನೂವಾಗ ನಾಝಲ್ ಡೀಸೆಲ್‌ನ ಮಂಜಿನಂಗ ಸಿಡಸತೈತಿ. ಕಾದ ಹೆಂಚಿನ ಮ್ಯಾಲೆ ನೀರು ಚಿಮುಕಿಸಿದ್ರ ಹೆಂಗ ಚರ್ ಅಂತೈತಿ ಹಂಗ, ಖರೆ ಇಲ್ಲಿ ಆವಿ ಆಗೂದಷ್ಟ ಅಲ್ಲ, ಆವಿ ಆಗಿ ಗಾಳಿ ಕೂಡ ಬೆರತು ತಾನ ಹತ್ತಿಕೋತೈತಿ. ನಿನ್ನ ಬೈಕಿನಾಗ ಬೆಂಕಿ ತಂದು ಎಣ್ಣಿಗೆ ಮುಟ್ಟಸ್ತಾರ, ಟ್ರ್ಯಾಕ್ಟರಿನಾಗ ಎಣ್ಣಿ ತಂದು ಬಿಸಿಗೆ ಒಗೀತಾರ.

ನಿನ್ನ ಗಾಡಿ ನಾಝಲ್ 200 ಬಾರ್ ಆಜೂಬಾಜು ಒತ್ತಡಕ್ಕ ಬಾಯಿ ತಗೀತೈತಿ. ಕಾರಿನ ಟೈರಿನಾಗ ಇರೂದು 2 ಬಾರ್ ಚಿಲ್ಲರ. ಈಗಿನ ಕಾಮನ್ ರೈಲ್ (ಎಲ್ಲಾ ನಾಝಲ್‌ಗೂ ಒಂದ ಪೈಪಿನಿಂದ ಡೀಸೆಲ್ ಹೋಗೂ) ಗಾಡಿ 1600, 2000 ಬಾರ್ ತನಕ ಹೋಗತಾವ. ಟೆಸ್ಟರ್ ಮ್ಯಾಲೆ ನಾಝಲ್ ಹಾಕಿ ಒತ್ತಿದ್ರ ಕುರ್‌ಕುರ್ ಅಂತ ಸಪ್ಪಳ ಮಾಡಿ ಹೊಗಿ ಬಿಟ್ಟಂಗ ಬರಬೇಕು, ಹನಿ ತೊಟ್ಟಿಕ್ಕಿದ್ರ ಆ ನಾಝಲ್ ಕೆಟ್ಟೈತಿ ಅಂತ. ಒಂದ್ ಮಾತು ಎಲ್ಲಾರಿಗೂ ಕೈ ಮುಗದು ಹೇಳ್ತೇನಿ, ನಾಝಲ್ ಸಿಡಸೂ ಮುಂದ ಕೈ ಬೆರಳು ಇಡಬ್ಯಾಡ್ರಿ. ಆ ಧಾರಿ ತೊಗಲು ತೂರಿ ಒಳಗ ಹೋಗತೈತಿ, ಹೊರಗ ಸಣ್ಣ ಚುಕ್ಕಿ ಅಷ್ಟ ಕಾಣತೈತಿ, ಒಳಗ ಕೊಳೀತೈತಿ. ನಮ್ಮ ಜೋಡಿ ಕೆಲಸಾ ಮಾಡಾಂವ ಒಬ್ಬಾಂವ ಏನೂ ಆಗಿಲ್ಲ ಅಂತ ಎರಡ ದಿನಾ ಬಿಟ್ಟಾ, ಬೆರಳ ತಗೀಬೇಕಾತು.

ಥರ್ಮಲ್_ಮೇಡಂ:

ಮೇಲಿನ ಅಣ್ಣಾವ್ರು ಹೇಳಿದ್ದು ತುಂಬ ಸರಿಯಾಗಿದೆ, ನಾನು ಪಾಲಿಟೆಕ್ನಿಕ್‌ನಲ್ಲಿ ಇದೇ ಸಬ್ಜೆಕ್ಟ್ ಪಾಠ ಮಾಡ್ತೀನಿ, ಸ್ವಲ್ಪ ಲೆಕ್ಕ ಸೇರಿಸ್ತೀನಿ.

ನಿಮಗೆ ಉಲ್ಟಾ ಅನ್ನಿಸ್ತಿರೋದಕ್ಕೆ ಕಾರಣ ಏನಂದ್ರೆ 'ಬೇಗ ಹತ್ತೋದು' ಅನ್ನೋ ಒಂದೇ ಮಾತಲ್ಲಿ ಎರಡು ಬೇರೆ ಬೇರೆ ಗುಣ ಸೇರ್ಕೊಂಡಿದೆ. ಒಂದು, ಹೊರಗಿಂದ ಬೆಂಕಿ ತೋರಿಸಿದಾಗ ಹತ್ತೋದು. ಉರಿಯೋದು ಯಾವತ್ತೂ ದ್ರವ ಅಲ್ಲ, ಅದರ ಆವಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ರೂ ಕಿಡಿಗೆ ಹತ್ತೋವಷ್ಟು ಆವಿ ಬಿಡುತ್ತೆ, ಡೀಸೆಲ್ ಸಾಮಾನ್ಯವಾಗಿ 50 ಡಿಗ್ರಿ ಆಸುಪಾಸು ಬಿಸಿ ಆದ್ಮೇಲೆ. ನಿಮ್ಮ ಮುಚ್ಚಳದಲ್ಲಿದ್ದ ಡೀಸೆಲ್ ಮೇಲೆ ಹತ್ತೋವಷ್ಟು ಆವಿನೇ ಇರ್ಲಿಲ್ಲ, ಕಡ್ಡಿಗೆ ಹತ್ತಿಸೋಕೆ ಏನೂ ಸಿಗ್ಲಿಲ್ಲ, ನೀರಿಗೆ ಬಿದ್ದ ಹಾಗೆ ನಂದಿತು. ಹತ್ತೋವಷ್ಟು ಆವಿ ಬರೋಕೆ ಶುರುವಾಗೋ ಆ ಡಿಗ್ರಿಗೆ ಫ್ಲ್ಯಾಶ್ ಪಾಯಿಂಟ್ ಅಂತಾರೆ. ಎರಡನೇದು, ಯಾರೂ ಬೆಂಕಿ ತೋರಿಸದೆ ಬರೀ ಬಿಸಿಗೆ ತಾನಾಗೇ ಹತ್ಕೊಳ್ಳೋದು. ಇದರಲ್ಲಿ ಡೀಸೆಲ್ ಮುಂದೆ, ಪೆಟ್ರೋಲ್ ಹಿಂದೆ. ಡೀಸೆಲ್‌ನಲ್ಲಿರೋ ಅಣುಗಳಲ್ಲಿ ಹಲವು ಉದ್ದುದ್ದ ಸರಪಳಿ, 16 ಕಾರ್ಬನ್ ಸಾಲಾಗಿ ನಿಂತಿರೋ ಸೀಟೇನ್ ಥರದವು. ಬಿಸಿ ತಾಗಿದ್ರೆ ಉದ್ದ ಸರಪಳಿ ಬೇಗ ತುಂಡಾಗುತ್ತೆ, ತುಂಡಾದ ಜಾಗದಲ್ಲಿ ಆಕ್ಸಿಜನ್ ಬಂದು ಹಿಡ್ಕೊಳ್ಳುತ್ತೆ, ಅಲ್ಲಿಂದ ಬೆಂಕಿ. ಪೆಟ್ರೋಲ್‌ನಲ್ಲಿ ನಮಗೆ ಬೇಕಾಗಿರೋದು ಐಸೋ ಆಕ್ಟೇನ್ ಥರ ಕವಲು ಕವಲಾಗಿ ಗಂಟು ಹಾಕ್ಕೊಂಡಿರೋ ಗಿಡ್ಡ ಅಣುಗಳು, ಅವು ಅಷ್ಟು ಸುಲಭಕ್ಕೆ ಮುರಿಯಲ್ಲ. ಬಂಕ್‌ನ ಪೆಟ್ರೋಲ್‌ಗೆ ಆಕ್ಟೇನ್ 91ಕ್ಕಿಂತ ಕಡಿಮೆ ಇರಬಾರದು, ಡೀಸೆಲ್‌ಗೆ ಸೀಟೇನ್ 51ಕ್ಕಿಂತ ಕಡಿಮೆ ಇರಬಾರದು ಅಂತ 2020ರಲ್ಲಿ ಬಂದ ಬಿಎಸ್ 6 (ಗಾಡಿ ಹೊಗೆ, ಇಂಧನದ) ನಿಯಮ ಹೇಳಿತ್ತು. ಆಕ್ಟೇನ್ ಅಂದ್ರೆ ತಾನಾಗೇ ಹತ್ಕೊಳ್ಳದೆ ಎಷ್ಟು ತಡ್ಕೊಳ್ಳುತ್ತೆ ಅಂತ, ಸೀಟೇನ್ ಅಂದ್ರೆ ಎಷ್ಟು ಬೇಗ ತಾನಾಗೇ ಹತ್ಕೊಳ್ಳುತ್ತೆ ಅಂತ, ಅಂದ್ರೆ ಒಂದೇ ಗುಣನ ಎರಡು ತುದಿಯಿಂದ ಅಳೀತಿದೀವಿ.

ಬಿಸಿ ಎಷ್ಟು ಅಂತ ಕೇಳಿದ್ರೆ, 27 ಡಿಗ್ರಿ ಗಾಳಿ ಎಳ್ಕೊಂಡು 18ಕ್ಕೆ 1 ಒತ್ತಿದ್ರೆ ಪುಸ್ತಕದ ಸೂತ್ರದಲ್ಲಿ 680 ಡಿಗ್ರಿ ಬರುತ್ತೆ, ಅದೇ ಪೆಟ್ರೋಲ್ ಇಂಜಿನ್ ಥರ 10ಕ್ಕೆ 1 ಒತ್ತಿದ್ರೆ 480. ನಿಜವಾದ ಇಂಜಿನ್ನಲ್ಲಿ ಗೋಡೆಗೆ ಸ್ವಲ್ಪ ಬಿಸಿ ಹೋಗೋದ್ರಿಂದ ಇದಕ್ಕಿಂತ ಕಡಿಮೆ ಇರುತ್ತೆ, ಆದ್ರೂ ಡೀಸೆಲ್‌ಗೆ ಬೇಕಾಗಿರೋದಕ್ಕಿಂತ ಧಾರಾಳ. ಡೀಸೆಲ್ ತಾನಾಗೇ ಹತ್ತೋಕೆ ಲ್ಯಾಬ್‌ನಲ್ಲಿ 210ರಿಂದ 250 ಡಿಗ್ರಿ ಸಾಕು.

ಅಡಿಕೆತೋಟ_ಸೊರಬ:

ಮೇಡಂ, ಅಣ್ಣ, ಇಬ್ಬರಿಗೂ ತುಂಬ ಥ್ಯಾಂಕ್ಸ್, ಮುಚ್ಚಳದ ವಿಷಯ ಈಗ ಕ್ಲಿಯರ್ ಆಯ್ತು. ಆದ್ರೆ ನಿಮ್ಮ ಲೆಕ್ಕದಲ್ಲೇ ಒಂದು ಸಿಕ್ಕು ಕಾಣ್ತಿದೆ. ಪೆಟ್ರೋಲ್ ಇಂಜಿನ್ ಒಳಗೂ 480 ಡಿಗ್ರಿ ಅಂದ್ರಲ್ಲ, ಪೆಟ್ರೋಲ್ ತಾನಾಗೇ ಹತ್ತೋದು ಡೀಸೆಲ್‌ಗಿಂತ ಮೇಲೆ ಅಂದ್ರೂ ಒಂದು 280 ಅಂತ ಇಟ್ಕೊಳ್ಳೋಣ, ಹಾಗಿದ್ರೆ ಅದೂ ಪ್ಲಗ್ ಇಲ್ದೆ ಹತ್ತಬೇಕಿತ್ತಲ್ಲ? ಅಲ್ಲಿ ಪೆಟ್ರೋಲ್ ಮೊದಲೇ ಗಾಳಿ ಜೊತೆ ಬೆರ್ತು ಒಳಗೇ ಇರುತ್ತೆ ಬೇರೆ.

ಥರ್ಮಲ್_ಮೇಡಂ:

ನನ್ನ ಕ್ಲಾಸಲ್ಲಿ ಈ ಪ್ರಶ್ನೆ ಯಾರಾದ್ರೂ ಕೇಳಿದ್ರೆ ಆ ದಿನ ನನಗೆ ಹಬ್ಬ. ಉತ್ತರ ಟೈಮ್. ಲ್ಯಾಬ್‌ನಲ್ಲಿ ಆ 280 ಅನ್ನೋ ಅಂಕಿ ತೆಗೆಯೋದು ಬಿಸಿ ಪಾತ್ರೆಗೆ ಇಂಧನ ಬಿಟ್ಟು ನಿಮಿಷಗಟ್ಟಲೆ ಕಾದು. ಇಂಜಿನ್ನಲ್ಲಿ ಎಲ್ಲಿದೆ ಅಷ್ಟು ಹೊತ್ತು? 3000 ಆರ್‌ಪಿಎಮ್‌ನಲ್ಲಿ, ಅಂದ್ರೆ ನಿಮಿಷಕ್ಕೆ 3000 ಸುತ್ತಲ್ಲಿ, ಕ್ರ್ಯಾಂಕ್ (ಪಿಸ್ಟನ್‌ಗೆ ಜೋಡಿಸಿರೋ ತಿರುಗೋ ದಂಡ) ಒಂದು ಸುತ್ತು ಬರೋಕೆ 20 ಮಿಲಿಸೆಕೆಂಡು, ಒತ್ತೋ ಸ್ಟ್ರೋಕ್ (ಪಿಸ್ಟನ್ ಕೆಳಗಿಂದ ಮೇಲೇರೋ ಓಟ) ಅದರಲ್ಲಿ ಅರ್ಧ, 10 ಮಿಲಿಸೆಕೆಂಡು, ಅದರಲ್ಲೂ ನಿಜವಾಗಿ ಬಿಸಿ ಇರೋದು ಕೊನೇ ಒಂದೆರಡು ಮಿಲಿಸೆಕೆಂಡು ಮಾತ್ರ. ಬಿಸಿ ತಾಗಿದ ಮೇಲೆ ಬೆಂಕಿ ಏಳೋಕೆ ಯಾವ ಇಂಧನಕ್ಕಾದ್ರೂ ಒಂದಿಷ್ಟು ಹೊತ್ತು ಬೇಕು, ಒಳಗೊಳಗೇ ಅಣು ಮುರಿಯೋ ಕೆಲಸ ನಡೀತಿರುತ್ತೆ, ಹೊರಗೆ ಏನೂ ಕಾಣಲ್ಲ. ಪೆಟ್ರೋಲ್ ಆ ಕೆಲಸ ಮುಗಿಸೋಕ್ಮುಂಚೆ ನಾವೇ ಪ್ಲಗ್‌ನಲ್ಲಿ ಕಿಡಿ ಕೊಟ್ಟು ಹತ್ತಿಸಿ ಮುಗಿಸ್ತೀವಿ. ಆ ಕಿಡಿನೂ ಪಿಸ್ಟನ್ ಮೇಲೆ ಮುಟ್ಟೋಕ್ಮುಂಚೇನೇ ಕೊಡ್ಬೇಕು, ಯಾಕಂದ್ರೆ ಬೆಂಕಿ ಪ್ಲಗ್ ತುದಿಯಿಂದ ಶುರುವಾಗಿ ಸಿಲಿಂಡರ್ ಆ ಕಡೆ ಗೋಡೆವರೆಗೂ ಅಲೆ ಥರ ನಡ್ಕೊಂಡು ಹೋಗೋಕೆ ಅದಕ್ಕೂ ಒಂದೆರಡು ಮಿಲಿಸೆಕೆಂಡು ಬೇಕು.

ಈಗ ಆ ಅಲೆ ಹೋಗಿ ಮುಟ್ಟೋಕ್ಮುಂಚೆ, ಮೂಲೇಲಿ ಉಳಿದಿರೋ ಪೆಟ್ರೋಲ್ ಗಾಳಿ ಮಿಶ್ರಣ ಹಿಂದಿನಿಂದ ಒತ್ತಡ ಬಿದ್ದು ಇನ್ನೂ ಬಿಸಿಯಾಗಿ ತಾನಾಗೇ ಸಿಡಿದ್ರೆ ಅದೇ ನಾಕಿಂಗ್. ಲೋಡ್ ಹಾಕಿ ಏರು ಹತ್ತುವಾಗ ಬೈಕಲ್ಲಿ ಟಣ್ ಟಣ್ ಅಂತ ಲೋಹದ ಸದ್ದು ಬರುತ್ತಲ್ಲ, ಅದು. ಹಾಗಾಗಿ ಪೆಟ್ರೋಲ್ ತಾನಾಗೇ ಹತ್ತಲ್ಲ ಅಂತ ಅಲ್ಲ, ಹತ್ತಿದ್ರೆ ಪಿಸ್ಟನ್ನೇ ತೂತಾಗೋ ಅಪಾಯ, ಅದಕ್ಕೇ ಹತ್ತದ ಹಾಗೆ ನೋಡ್ಕೋತೀವಿ. ಪೆಟ್ರೋಲ್ ಇಂಜಿನ್ನ 18ಕ್ಕೆ 1 ಒತ್ತೋಕೆ ಬಿಡದೇ ಇರೋದೂ ಇದೇ ಭಯಕ್ಕೆ. ಡೀಸೆಲ್‌ನಲ್ಲಿ ಆ ಭಯ ಇಲ್ಲ, ಒತ್ತುವಾಗ ಒಳಗೆ ಇಂಧನವೇ ಇರಲ್ಲ ಅಲ್ವಾ, ಪೆಟ್ರೋಲ್ ಇಂಜಿನ್‌ಗಿಂತ ಎಷ್ಟೋ ಜಾಸ್ತಿ ಒತ್ತಬಹುದು, ಜಾಸ್ತಿ ಒತ್ತಿದಷ್ಟೂ ಅದೇ ಇಂಧನದಿಂದ ಜಾಸ್ತಿ ಕೆಲಸ ಸಿಗುತ್ತೆ. ಈ ಇಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಬೆನ್ನು ಹತ್ತಿದ್ದೂ ಇದನ್ನೇ. ಐದು ವರ್ಷ ಒದ್ದಾಡಿ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆ ಮಾಡಿ ತೋರಿಸಿದಾಗ ಇಂಧನದ ಶಕ್ತಿಯಲ್ಲಿ ನೂರಕ್ಕೆ 26.2 ಭಾಗ ಕೆಲಸವಾಗಿ ಬಂತು, ಆಗಿನ ಸ್ಟೀಮ್ ಇಂಜಿನ್‌ಗಳು ಇದರ ಹತ್ತಿರಕ್ಕೂ ಬರ್ತಿರ್ಲಿಲ್ಲ.

ಹಳೇ_ಪಂಪ್‌ಸೆಟ್:

ನಿಮ್ಮ ಮಾತು ಓದ್ತಾ ನಮ್ಮ ಬಾವಿ ಮೇಲಿದ್ದ 5 ಎಚ್‌ಪಿ ಡೀಸೆಲ್ ಇಂಜಿನ್ ನೆನಪಾಯ್ತು. ಚಿಕ್ಕನಾಯಕನಹಳ್ಳಿ ಕಡೆ ನಮ್ದು, ಕರೆಂಟ್ ಬರೋಕ್ಮುಂಚೆ ತೆಂಗಿನ ತೋಟಕ್ಕೆಲ್ಲ ಅದೇ ನೀರು ಎತ್ತಿದ್ದು. ಅದಕ್ಕೆ ಬ್ಯಾಟರಿ ಇಲ್ಲ, ವೈರ್ ಇಲ್ಲ, ಪ್ಲಗ್ ಇಲ್ಲ, ಒಂದು ತುಂಡು ತಾಮ್ರದ ತಂತಿನೂ ಇರ್ಲಿಲ್ಲ. ತಲೆ ಮೇಲೆ ಒಂದು ಪುಟ್ಟ ಲಿವರ್, ಅದನ್ನ ಎತ್ತಿದ್ರೆ ವಾಲ್ವ್ ತೆರ್ಕೊಂಡು ಗಾಳಿ ಹೊರಗೆ ಹೋಗ್ತಿರುತ್ತೆ, ಒತ್ತಡ ಇರಲ್ಲ, ಆಗ ಹ್ಯಾಂಡಲ್ ಹಾಕಿ ತಿರುಗಿಸ್ತಾ ಹೋಗೋದು. ದೊಡ್ಡ ಚಕ್ರ ರಭಸ ಹಿಡೀತು ಅನ್ನೋವಾಗ ಲಿವರ್ ಬೀಳಿಸಿಬಿಡೋದು. ಚಕ್ರದ ರಭಸಕ್ಕೆ ಗಾಳಿ ಒತ್ತಿ, ಡಬ್ ಅಂತ ಒಂದೇ ಏಟಿಗೆ ಹಿಡ್ಕೊಳ್ತಿತ್ತು. ಲಿವರ್ ಬೀಳಿಸದೆ ಬೆಳಗಿಂದ ಸಂಜೆವರೆಗೆ ತಿರುಗಿಸಿದ್ರೂ ಹತ್ತಲ್ಲ. ಹಾಗಾಗಿ ಒತ್ತಿದ ಗಾಳಿ ಬಿಸಿಯೇ ಬೆಂಕಿ ಅನ್ನೋದನ್ನ ನಾವು ಪುಸ್ತಕ ಓದದೇ ಕೈಯಲ್ಲಿ ಕಲ್ತಿದ್ವಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಸುತ್ತಬಾರದು, ನಾಲ್ಕು ಬೆರಳಿನ ಜೊತೆಗೇ ಇಡ್ಬೇಕು ಅಂತ ನಮ್ಮಪ್ಪ ಮೊದಲ ದಿನವೇ ಹೇಳಿದ್ರು, ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತೆ.

ಪಕ್ಕದ ತೋಟದೋರ ಹತ್ರ ಸೀಮೆಎಣ್ಣೆ ಪಂಪ್ ಇತ್ತು. ಅದಕ್ಕೆ ಪ್ಲಗ್ ಇರುತ್ತೆ. ಟ್ಯಾಂಕ್ ಎರಡು ಭಾಗ, ಸಣ್ಣದಕ್ಕೆ ಪೆಟ್ರೋಲ್, ದೊಡ್ಡದಕ್ಕೆ ಸೀಮೆಎಣ್ಣೆ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಇಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಸೀಮೆಎಣ್ಣೆಗೆ ತಿರುಗಿಸೋದು, ನಿಲ್ಲಿಸೋಕೆ ಸ್ವಲ್ಪ ಮುಂಚೆ ಮತ್ತೆ ಪೆಟ್ರೋಲ್‌ಗೆ ತಿರುಗಿಸಿ ಆಮೇಲೆ ಆಫ್. ಮರೆತು ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ರೆ ಮಾರನೇ ದಿನ ಕಾರ್ಬೊರೇಟರ್ ಬಿಚ್ಚಿ ಖಾಲಿ ಮಾಡೋವರೆಗೆ ಸ್ಟಾರ್ಟ್ ಆಗ್ತಿರ್ಲಿಲ್ಲ. ಮೇಡಂ ಹೇಳಿದ ಆವಿ ಮಾತು ಓದಿದ್ಮೇಲೆ ಅದು ಯಾಕೆ ಅಂತ ಇವತ್ತು ಪೂರ್ತಿ ತಿಳೀತು, ತಣ್ಣಗಿರೋ ಸೀಮೆಎಣ್ಣೆಯಲ್ಲಿ ಕಿಡಿಗೆ ಸಿಗೋ ಆವಿ ಇಲ್ಲ.

ಏರ್‌ಪೋರ್ಟ್_ಕ್ಯಾಬ್:

ಯಾರಾದ್ರೂ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕ್ಸಿದ್ರೆ ದಯವಿಟ್ಟು ಸ್ಟಾರ್ಟ್ ಮಾಡ್ಬೇಡಿ, ಕೀ ಕೂಡ ಆನ್ ಮಾಡ್ಬೇಡಿ, ಆನ್ ಮಾಡಿದ್ರೆ ಟ್ಯಾಂಕ್ ಒಳಗಿನ ಪಂಪ್ ಓಡಿ ಲೈನ್‌ಗೆಲ್ಲ ಪೆಟ್ರೋಲ್ ಹೋಗಿಬಿಡುತ್ತೆ. ನನಗೆ ಬೆಳಗಿನ ಜಾವ 3 ಗಂಟೆಗೆ ದೇವನಹಳ್ಳಿ ರೋಡಲ್ಲಿ ಒಂದು ಬಂಕಲ್ಲಿ ಹೀಗಾಯ್ತು, ಹುಡುಗನೂ ನಿದ್ದೆಗಣ್ಣು ನಾನೂ ನಿದ್ದೆಗಣ್ಣು, ಬಿಲ್ ನೋಡಿದಾಗ ಗೊತ್ತಾಗಿದ್ದು, 12 ಲೀಟರ್ ಹೋಗಿತ್ತು. ಪ್ಯಾಸೆಂಜರ್‌ಗೆ ಬೇರೆ ಗಾಡಿ ಮಾಡ್ಕೊಟ್ಟು ಅಲ್ಲೇ ತಳ್ಳಿ ಸೈಡ್‌ಗೆ ಹಾಕಿ ಮೆಕ್ಯಾನಿಕ್ ಬಂದು ಟ್ಯಾಂಕ್ ಪೂರ್ತಿ ಇಳಿಸಿದ್ರು. ಆ ಖರ್ಚು ನೋವಾಯ್ತು ನಿಜ, ಆದ್ರೆ ಸ್ಟಾರ್ಟ್ ಮಾಡಿದ್ದ ನನ್ನ ಸ್ನೇಹಿತನಿಗೆ ಹೈ ಪ್ರೆಷರ್ ಪಂಪು, ನಾಲ್ಕೂ ಇಂಜೆಕ್ಟರ್ (ನಾಝಲ್ ಇರೋ, ಡೀಸೆಲ್ ಸಿಡಿಸೋ ಭಾಗ) ಎಲ್ಲ ಹೋಗಿ ಲಕ್ಷದ ಮೇಲೆ ಬಿತ್ತು.

ಹುಬ್ಬಳ್ಳಿ_ನಾಝಲ್:

ಖರೆ ಹೇಳಿದ್ರಿ ಅಣ್ಣಾರ. ಡೀಸೆಲ್ ಅಂದ್ರ ಬರೇ ಉರಿಯೂ ಎಣ್ಣಿ ಅಲ್ಲ, ಆ ಪಂಪಿಗೆ ಜಿಡ್ಡೂ ಅದ. ಪೆಟ್ರೋಲ್‌ನಾಗ ಜಿಡ್ಡಿಲ್ಲ, ಕಬ್ಬಿಣಕ್ಕ ಕಬ್ಬಿಣ ತಿಕ್ಕಿ ಪುಡಿ ಎದ್ದು ಆ ಪುಡಿ ಹೋಗಿ ಇಂಜೆಕ್ಟರಿನ ತೂತಿನಾಗ ಕೂಡತೈತಿ, ಆ ತೂತು ಕೂದಲೆಳಿ ಅಷ್ಟ ಸಣ್ಣದು. ಮ್ಯಾಲೆ ಮೇಡಮ್ಮಾರು ಹೇಳಿದಂಗ ಪೆಟ್ರೋಲ್ ತಾನ ಹತ್ತಾಕ ತಡಾ ಮಾಡತೈತಿ, ಇಲ್ಲಿ ಹತ್ತಸಾಕ ಪ್ಲಗ್ ಇಲ್ಲ. ಉಲ್ಟಾ, ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ರ ಹಾನಿ ಕಡಿಮಿ. ಹೊಗಿ ಬಿಟ್ಟು ಬಿಟ್ಟು ಬಂದ್ ಬೀಳತೈತಿ, ಪ್ಲಗ್ ತೊಯ್ದು ಹೋಗತೈತಿ, ಟ್ಯಾಂಕ್ ಇಳಿಸಿ ಪ್ಲಗ್ ಒರಸಿ ಹಾಕಿದ್ರ ಬಹಳ ಮಟ್ಟಿಗೆ ಸರಿ ಹೋಗತೈತಿ.

ಕೊಡಗು_ರೈಡರ್:

ಎಲ್ಲರೂ ಡೀಸೆಲ್‌ಗೆ ಪ್ಲಗ್ ಇಲ್ಲ ಇಲ್ಲ ಅಂತಿದ್ದೀರ, ನಮ್ಮ ಜೀಪಲ್ಲಿ ಇದೆ. ಮಡಿಕೇರಿ ಚಳಿಗೆ ಕೀ ತಿರುಗಿಸಿ ಡ್ಯಾಶ್‌ಬೋರ್ಡಲ್ಲಿ ಸುರುಳಿ ಥರದ ಹಳದಿ ಲೈಟ್ ಆರೋವರೆಗೆ ಕಾದು ಆಮೇಲೆ ಸೆಲ್ಫ್ ಹೊಡೀಬೇಕು, ಹೋದ ಮಳೆಗಾಲಕ್ಕೆ ನಾಲ್ಕೂ ಚೇಂಜ್ ಮಾಡಿಸಿದ್ದೀನಿ.

ಥರ್ಮಲ್_ಮೇಡಂ:

ಅದು ಹೀಟರ್ ಪ್ಲಗ್, ಸ್ಪಾರ್ಕ್ ಪ್ಲಗ್ ಅಲ್ಲ. ಕಿಡಿ ಹಾರಿಸಲ್ಲ, ನೀರು ಕಾಯಿಸೋ ಕಾಯಿಲ್ ಥರ ಅದರ ತುದಿ 800, 1000 ಡಿಗ್ರಿವರೆಗೆ ಕೆಂಪಗೆ ಕಾಯುತ್ತೆ ಅಷ್ಟೆ, ಸ್ಟಾರ್ಟ್ ಆಗೋವರೆಗೆ ಸಹಾಯಕ್ಕೆ, ಇಂಜಿನ್ ಬಿಸಿಯಾದ್ಮೇಲೆ ಅದಕ್ಕೆ ಕೆಲಸ ಇಲ್ಲ. ಸ್ಪಾರ್ಕ್ ಪ್ಲಗ್ ಕಥೆ ಬೇರೆ. ಬ್ಯಾಟರಿಯ 12 ವೋಲ್ಟನ್ನ ಕಾಯಿಲ್ 20,000 ವೋಲ್ಟ್ ಆಸುಪಾಸಿಗೆ ಏರಿಸಿ, ಒಂದು ಮಿಲಿಮೀಟರ್‌ಗೂ ಕಡಿಮೆ ಸಂದಿಯಲ್ಲಿ ಪ್ರತಿ ಸಲವೂ ಕಿಡಿ ಹಾರಿಸಬೇಕು. ಬೈಕು 6000 ಆರ್‌ಪಿಎಮ್‌ನಲ್ಲಿ ಓಡ್ತಿದ್ರೆ, ಎರಡು ಸುತ್ತಿಗೊಂದು ಸಲದ ಲೆಕ್ಕದಲ್ಲಿ, ಸೆಕೆಂಡಿಗೆ 50 ಸಲ ಹೊಸ ಬೆಂಕಿ ಹಚ್ಚಬೇಕು. ನೀವು ಬೈಕಿನ ಕೀ ಆಫ್ ಮಾಡಿದ್ರೆ ಆ ಕಿಡಿ ನಿಲ್ಲುತ್ತೆ, ಇಂಜಿನ್ ನಿಲ್ಲುತ್ತೆ.

ಹುಬ್ಬಳ್ಳಿ_ನಾಝಲ್:

ಡೀಸೆಲ್ ಇಂಜಿನ್ನಿಗೆ ಆ ಕಿಡಿನ ಬ್ಯಾಡ, ಅದ ಕಾರಣಕ್ಕ ಹಳೇ ಟ್ರ್ಯಾಕ್ಟರಿಗೆ ಕೀ ತಗದ್ರೂ ಇಂಜಿನ್ ನಡೀತಾನ ಇರತೈತಿ ತಮ್ಮಾ, ಸ್ಟಾಪ್ ವೈರ್ ಎಳದು ಡೀಸೆಲ್ ಬಂದ್ ಮಾಡಬೇಕು. ಕೆಲವು ಸಲ ಟರ್ಬೋ (ಇಂಜಿನ್ನಿಗೆ ಗಾಳಿ ತುರುಕೂ ಫ್ಯಾನು) ಸೀಲ್ ಹೋಗಿ ಇಂಜಿನ್ ತನ್ನ ಆಯಿಲ್ ತಾನ ಕುಡಕೋತ ಓಡತೈತಿ, ಆವಾಗ ಡೀಸೆಲ್ ಬಂದ್ ಮಾಡಿದ್ರೂ ನಿಲ್ಲಂಗಿಲ್ಲ, ಗಾಳಿ ದಾರಿ ಮುಚ್ಚಿದ್ರ ಅಷ್ಟ ನಿಲ್ಲತೈತಿ. ಗಾಳಿ ದಾರಿಗೆ ಹಲಗಿ ಇಡ್ರಿ, ಅಂಗೈ ಇಡಬ್ಯಾಡ್ರಿ.

ಈಗ ನಿನ್ನ ಮುಂಜಾನೆ ಸ್ಟಾರ್ಟಿಂಗ್ ವಿಚಾರಕ್ಕ ಬರ್ತೇನಿ. ಬಿಳಿ ಹೊಗಿ ಅಂದ್ರ ಹತ್ತದ ಡೀಸೆಲ್ ಆವಿ ಆಗಿ ಹಂಗ ಹೊರಗ ಬರಾಕತ್ತೈತಿ. ಅಂದ್ರ ನಾಝಲ್ ಸಿಡಸಾಕತ್ತೈತಿ, ಗಾಳಿ ಸಾಕಷ್ಟು ಕಾಯವಲ್ದು. ಸೆಲ್ಫ್ ನಿಧಾನ ತಿರುಗಿದ್ರ ಒತ್ತಿದ ಗಾಳಿ ಬಿಸಿ ಎಲ್ಲಾ ತಣ್ಣಗಿರೂ ಸಿಲಿಂಡರ್ ಗ್ವಾಡಿಗೆ ಹೋಗಿಬಿಡತೈತಿ, ಪಿಸ್ಟನ್ ರಿಂಗ್ ಸಂದ್ಯಾಗ ಗಾಳೀನೂ ಸೋರತೈತಿ. ಇಳಿಜಾರಿನಾಗ ಬಿಟ್ರ ಇಂಜಿನ್ ಜೋರ್ ತಿರುಗತೈತಿ, ಸೋರಾಕ ಟೈಮ್ ಸಿಗೂದಿಲ್ಲ, ಹತ್ತತೈತಿ. ಇಳಿಜಾರಿನಾಗ ತಕ್ಷಣ ಹಿಡೀತೈತಿ ಅಂತ ನೀನ ಬರದಿ ನೋಡು, ಅದರ ಮ್ಯಾಲಿಂದ ಹೇಳ್ತೇನಿ ಇಂಜಿನ್ ಇನ್ನ ಗಟ್ಟಿ ಐತಿ, ಬೋರ್ ಮಾಡಸಬೇಕು (ಸವದ ಸಿಲಿಂಡರ್ ಕೊರಸಿ ಸರಿ ಮಾಡಸೂದು) ಅಂತ ಯಾರರ ಹೇಳಿದ್ರ ಒಮ್ಮೆಲೆ ಒಪ್ಪಬ್ಯಾಡ. ಮೊದಲ ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಳಿ ಬೂಷ್ಟು ತೊಳಿ, ಅರ್ಥ್ ವೈರ್ ಬಾಡಿಗೆ ಕೂಡೂ ಜಾಗಾ ಉಜ್ಜು, ಬ್ಯಾಟರಿ ಲೋಡ್ ಟೆಸ್ಟ್ ಮಾಡಸು. ಆಯಿಲ್ ಏನ್ ಹಾಕಿ ಅನ್ನೂದೂ ನೋಡು, ಭಾಳ ದಪ್ಪ ಇದ್ರ ಚಳ್ಯಾಗ ಸೆಲ್ಫಿಗೆ ಭಾರ ಆಗತೈತಿ. ಕೆಲವರು ಬಟ್ಟಿಗೆ ಬೆಂಕಿ ಹಚ್ಚಿ ಏರ್ ಫಿಲ್ಟರ್ ಬಾಯಿಗೆ ಹಿಡೀತಾರ, ಬಿಸಿ ಗಾಳಿ ಹೋಗಿ ಸ್ಟಾರ್ಟ್ ಆಗೂದ ಖರೆ, ಅದನ್ನ ಮಾತ್ರ ಮಾಡಬ್ಯಾಡ, ಕಿಡಿ ಒಳಗ ಹೋಗತೈತಿ, ಫಿಲ್ಟರ್ ಸುಟ್ಟ ಗಾಡಿ ನಾ ಕಣ್ಣಾರೆ ನೋಡೇನಿ.

ಅಡಿಕೆತೋಟ_ಸೊರಬ:

ಅಣ್ಣ, ನಾಲ್ಕು ದಿನ ಬಿಟ್ಟು ಬರೀತಿದೀನಿ. ಟರ್ಮಿನಲ್ ತೊಳ್ದೆ, ಗೇರ್ ಬಾಕ್ಸ್ ಹತ್ರ ಅರ್ಥ್ ವೈರ್ ಕಟ್ಟಿರೋ ಬೋಲ್ಟ್ ಪೂರ್ತಿ ತುಕ್ಕು ಹಿಡಿದಿತ್ತು, ಎಮರಿ ಪೇಪರಲ್ಲಿ ಉಜ್ಜಿ ಬಿಗಿ ಮಾಡ್ದೆ. ಬ್ಯಾಟರಿ ಟೆಸ್ಟ್ ಮಾಡಿಸಿದ್ರೆ ಒಂದು ಸೆಲ್ ವೀಕ್ ಅಂದ್ರು, ಹೊಸದು ಹಾಕಿಸ್ದೆ. ಇವತ್ತು ಬೆಳಗ್ಗೆ ಆರು ಗಂಟೆಗೆ ಮಂಜು ಸುರೀತಿತ್ತು, ದಿಬ್ಬದ ಮೇಲೆ ನಿಲ್ಲಿಸದೆ ಅಂಗಳದಲ್ಲೇ ನಿಲ್ಲಿಸಿದ್ದೆ, ಎರಡನೇ ಸೆಲ್ಫಿಗೇ ಹಿಡ್ಕೊಳ್ತು. ಬಿಳಿ ಹೊಗೆ ಒಂದರ್ಧ ನಿಮಿಷ ಬಂದು ನಿಂತಿತು. ಅಪ್ಪಯ್ಯನಿಗೆ ಸೈಕಲ್ ಪಂಪ್ ಬುಡ ಮುಟ್ಟಿಸಿ ತೋರಿಸ್ದೆ, ಅವರೂ ಇಷ್ಟು ವರ್ಷ ಇದನ್ನ ಯೋಚನೆ ಮಾಡಿರ್ಲಿಲ್ಲ ಅಂದ್ರು. ಆ ಅರ್ಧ ನಿಮಿಷದ ಹೊಗೆಗೂ ಏನಾದ್ರೂ ಮಾಡಿಸ್ಬೇಕಾ?

ಹುಬ್ಬಳ್ಳಿ_ನಾಝಲ್:

ಛಲೋ ಆತು. ಚಳ್ಯಾಗ ಅಷ್ಟ್ ಹೊಗಿ ಬರೂದ, ಇಂಜಿನ್ ಬಿಸಿ ಆದಮ್ಯಾಲೂ ನಿಲ್ಲಲಿಲ್ಲ ಅಂದ್ರ ಮೂರೂ ನಾಝಲ್ ತಗಸಿ ಟೆಸ್ಟರ್ ಮ್ಯಾಲೆ ಹಾಕಸು. ಹೆಂಗೂ ಸರ್ವಿಸ್‌ಗೆ ಬಿಡೂವಾಗ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಒತ್ತೂ ಭಾಗದಾಗಿನ ಸಂದಿ) ನೋಡಸು, ವಾಲ್ವ್ ಪೂರಾ ಮುಚ್ಚಲಿಲ್ಲ ಅಂದ್ರೂ ಗಾಳಿ ಸೋರತೈತಿ.